ಕಾಣುವುದಿಲ್ಲ, ಕೇಳುತ್ತದೆ

ಮೂವತ್ತೊಂದು ವರ್ಷ ಮತೊಸೀನ್ಯುಸ್‌ನ ಡಬ್ಬಿ ಕಾರ್ಖಾನೆಯಲ್ಲಿ
ಬೂತಾಯಿ ಮೀನು ಆರಿಸಿದವಳು ನಾನು, ದಿಯುಲಿಂಡಾ.
ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು:
ಇದು ಸರಿ, ಇದು ಸರಿ, ಇದು ಬೇಡ.
ಹಾಗಿದ್ದೂ ನನ್ನದೇ ಕುತ್ತಿಗೆಯ ಗಂಟು
ಎರಡು ತಿಂಗಳು ಬೆರಳಡಿಯಲ್ಲೇ ಇದ್ದು
ನನಗೆ ಸುಳ್ಳು ಹೇಳಿತು.

ಕೀಮೋ ಆಯಿತು. ಇನ್ನೊಂದು ಕೀಮೋ ಆಯಿತು.
ಕೂದಲು ಹೋಯಿತು, ಬಂತು, ಮತ್ತೆ ಹೋಯಿತು.
ಆಮೇಲೊಂದು ದಿನ ಡಾಕ್ಟರ್ ಸಾಲ್ವಾತೆರ್ರಾ
ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತರು.
ಕುರ್ಚಿ ಎಳೆದರೆ ಸುದ್ದಿ ದೊಡ್ಡದು.
"ನಿಮ್ಮದೇ ಬಿಳಿ ರಕ್ತಕಣ ತೆಗೆದು ಹಾಲೆಂಡಿಗೆ ಕಳಿಸುತ್ತೇವೆ.
ಯಾರನ್ನು ಹಿಡಿಯಬೇಕೆಂದು ಅಲ್ಲಿ ಅವಕ್ಕೆ ಕಲಿಸುತ್ತಾರೆ."
ಇಷ್ಟು ದಿನ ಅವು ಏನು ಮಾಡುತ್ತಿದ್ದವು? ಅಂದೆ.
"ಎದುರಿಗೇ ಓಡಾಡುತ್ತಿದ್ದವು. ಗುರುತು ಸಿಗಲಿಲ್ಲ.
ಅದೂ ನಿಮ್ಮದೇ ಮುಖ ಹೊತ್ತಿತ್ತಲ್ಲ."

ಒಂದು ತೋಳಿನಿಂದ ಹೊರಟ ರಕ್ತ
ಯಂತ್ರದೊಳಗೆ ಗಿರಗಿರ ಸುತ್ತಿ
ಇನ್ನೊಂದು ತೋಳಿಗೆ ವಾಪಸು.
ನಾಲ್ಕು ಗಂಟೆ ಕೈ ಮಡಿಸುವಂತಿಲ್ಲ.
ಮೂಗು ತುರಿಸಿದರೆ ಝೆಫೆರಿನು ಕೆರೆಯಬೇಕು;
ಸರಿಯಾದ ಕಡೆ ಕೆರೆದವನಲ್ಲ, ಮದುವೆಯಾದಾಗಿನಿಂದ.
ಕೊನೆಗೆ ಉಳಿದದ್ದು ಒಂದು ಸಣ್ಣ ಚೀಲ,
ಮೀನು ತೊಳೆದ ಎರಡನೇ ನೀರಿನ ಬಣ್ಣ.
ಇಷ್ಟೇನಾ ನಾನು?

ದೋರು ನದಿಯ ಆಚೆ ದಡಕ್ಕೆ ಹೋದದ್ದೇ ಬೆರಳೆಣಿಕೆ.
ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ.
ನನ್ನ ಕಣಗಳು ವಿಮಾನ ಹತ್ತಿದವು.
ಝೆಫೆರಿನು ದಿನಾ ಅಲ್ಲಿಯ ಹವಾಮಾನ ನೋಡತೊಡಗಿದ.
ಇವತ್ತು ಲೈಡನ್‌ನಲ್ಲಿ ಮೋಡ. ಇವತ್ತು ಚಳಿ ಕಣೇ.
ಹಾಸ್ಟೆಲಿಗೆ ಮಗು ಬಿಟ್ಟುಬಂದವನ ಹಾಗೆ.

ಇಪ್ಪತ್ತಾರು ದಿನಕ್ಕೆ ಬಂದವು,
ಹೊಗೆಯಾಡುವ ಪೀಪಾಯಿಯಲ್ಲಿ, ಕಲ್ಲಿನಂತೆ ಹೆಪ್ಪುಗಟ್ಟಿ.
ಇಬ್ಬರು ನರ್ಸುಗಳು ಜೋರಾಗಿ ಓದಿದರು:
ಹೆಸರು, ಹುಟ್ಟಿದ ದಿನ, ನಂಬರು.
ನಾನೂ ಕತ್ತು ಚಾಚಿ ಲೇಬಲ್ ನೋಡಿದೆ. ಹಳೇ ಚಾಳಿ.
ಬಿಸಿನೀರಿನಲ್ಲಿ ಕರಗಿಸಿ
ಹತ್ತೇ ನಿಮಿಷದಲ್ಲಿ ಒಳಗೆ ಬಿಟ್ಟರು.
ಕೋಣೆ ತುಂಬ ವಾಸನೆ.
ಬೇಯಿಸಿದ ಜೋಳ, ಅಂದಳು ನರ್ಸ್ ತೆಲ್ಮಾ.
ಬೆಳ್ಳುಳ್ಳಿ, ಅಂದ ಝೆಫೆರಿನು.
ನಾನು ಸುಮ್ಮನಿದ್ದೆ. ಸೋಮವಾರ ಬೆಳಿಗ್ಗೆ
ಬಾಗಿಲು ತೆಗೆದ ಕಾರ್ಖಾನೆ ಅದು.

ಯುದ್ಧ, ಸೈನಿಕರು ಅಂತೆಲ್ಲ ಹೇಳಿದ್ದರು.
ನನಗೆ ಕಂಡದ್ದು ಉದ್ದನೆಯ ಮೇಜು,
ಏಪ್ರನ್ ಕಟ್ಟಿ ಸಾಲಾಗಿ ನಿಂತ ಹೆಂಗಸರು,
ಇದು ಸರಿ, ಇದು ಸರಿ,

ಮೂರನೇ ರಾತ್ರಿ ಜ್ವರ ನಲವತ್ತು ದಾಟಿತು.
"ಕೆಲಸ ಶುರು ಮಾಡಿವೆ," ಅಂದಳು ತೆಲ್ಮಾ,
ಹೆದರಿದ್ದು ನನಗೆ ಗೊತ್ತಾಗದ ಹಾಗೆ.

ದಿನಾ ಒಂದು ವಾಕ್ಯ ಬರೆಯಬೇಕು, ಅದೇ ವಾಕ್ಯ,
ತಲೆ ನೆಟ್ಟಗಿದೆಯೇ ನೋಡಲು.
ನಾನು ಆರಿಸಿಕೊಂಡದ್ದು:
ನಮ್ಮ ಮನೆಯಿಂದ ಸಮುದ್ರ ಕಾಣುವುದಿಲ್ಲ, ಕೇಳುತ್ತದೆ.
ಐದನೇ ದಿನ ನನ್ನ ನೆನಪಿನಲ್ಲಿಲ್ಲ. ಕಾಗದದಲ್ಲಿದೆ.
ನಮ್ಮ ಮನೆ ಮನೆ ಮ
ಅಲ್ಲಿಂದ ಗೆರೆ ಜಾರಿ, ಕಾಗದದ ಅಂಚು ದಾಟಿ
ಹಾಸಿಗೆ ಬಟ್ಟೆಯ ಮೇಲೆ ಹೋಯಿತಂತೆ.
ಝೆಫೆರಿನುವಿಗೆ, ಯಾರು ನೀನು, ಅಂದೆನಂತೆ.
ಅವನು ಹೆಸರು ಹೇಳಿ, ಹುಟ್ಟಿದ ದಿನವನ್ನೂ ಹೇಳಿದನಂತೆ,
ಲೇಬಲ್ ಓದುವವನ ಹಾಗೆ.

ಏಳನೇ ದಿನ "ಕೇಳುತ್ತದೆ" ಮೊದಲು ಬಂತು.
ಸಮುದ್ರ ಮಾರನೇ ದಿನ.

ತಿಂಗಳಾದ ಮೇಲೆ ಸ್ಕ್ಯಾನ್.
ಡಾಕ್ಟರ್ ಈ ಸಲ ಕುರ್ಚಿ ಮುಟ್ಟಲಿಲ್ಲ.
"ಏನೂ ಕಾಣುತ್ತಿಲ್ಲ," ಅಂದರು.
ಇಲ್ಲ ಅನ್ನಲಿಲ್ಲ.
ಝೆಫೆರಿನು ಗೋಡೆಗೆ ತಿರುಗಿ ಅತ್ತ. ನಾನು ಆ ಮಾತನ್ನು
ಹೆಬ್ಬೆರಳಲ್ಲಿ ಹೊರಳಿಸಿ ಹೊರಳಿಸಿ ನೋಡಿದೆ.

ರಾತ್ರಿ ಅಡುಗೆಮನೆಯ ದೀಪ ಆರಿಸಿ ಕೂರುತ್ತೇನೆ.
ಬೀದಿಯಾಚೆ, ಗೋದಾಮುಗಳಾಚೆ
ಅದು ಬರುತ್ತದೆ, ಹೋಗುತ್ತದೆ.
ಕುತ್ತಿಗೆಯ ಮೇಲೆ ಬೆರಳಿಟ್ಟುಕೊಂಡು
ಕೇಳುತ್ತೇನೆ.